ಚೆಫಲೂ ಸಮಗ್ರ ಮಾರ್ಗದರ್ಶಿ: ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರ್ಬೇಡಿ, ಮೂರು ರಾತ್ರಿ ಇರಿ

ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗೋ ನಮ್ಮೋರಲ್ಲಿ ಹೆಚ್ಚಿನವ್ರು ಅಲ್ಲಿನ ದೊಡ್ಡೂರು ಪಲೆರ್ಮೋದಲ್ಲಿ ರೂಮ್ ಮಾಡ್ತಾರೆ, ಒಂದಿನ ಬೆಳಿಗ್ಗೆ ಟ್ರೈನ್ ಹತ್ತಿ ಚೆಫಲೂಗೆ ಹೋಗ್ತಾರೆ, ಚರ್ಚ್ ಮುಂದೆ ಒಂದು ಫೋಟೋ, ಬೀಚಲ್ಲಿ ಒಂದು ಫೋಟೋ, ಸಂಜೆ ಟ್ರೈನಿಗೆ ವಾಪಸ್. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ. ವಾಪಸ್ ಬರ್ತಾ ಸ್ಟೇಷನ್ ಪ್ಲಾಟ್‌ಫಾರಂ ಮೇಲೆ ನಿಂತಾಗ ನೋಡಿದ್ರೆ, ನನ್ನ ಹಾಗೆ ಬಂದಿರೋ ಅಷ್ಟೂ ಜನ ಟ್ರೈನಿಗೆ ಕಾಯ್ತಾ ಇದ್ರು, ಅಂದ್ರೆ ಊರು ಆಗ ಖಾಲಿ ಆಗಿತ್ತು, ಗಲ್ಲಿಗಳಲ್ಲಿ ಗಾಳಿ ಆಡೋಕೆ ಶುರು ಆಗಿತ್ತು, ನಾವು ಮಾತ್ರ ಹೊರಟಿದ್ವಿ. ಅದಕ್ಕೇ ಎರಡನೇ ಸಲ ಮೂರು ರಾತ್ರಿ ಉಳ್ಕೊಂಡೆ. ಈ ಬರಹ ಪೂರ್ತಿ ಆ ಲೆಕ್ಕದಲ್ಲೇ ಇದೆ. ಒಂದೇ ದಿನ ಇರೋದು ಅಂತಾದ್ರೆ ಚರ್ಚ್ ಭಾಗ ಮತ್ತೆ ಊಟದ ಭಾಗ ಓದಿ, ಸಾಕು.

ಚೆಫಲೂ ಸಿಸಿಲಿಯ ಉತ್ತರ ಕರಾವಳಿಯಲ್ಲಿದೆ, ಪಲೆರ್ಮೋದಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ. ಜನಸಂಖ್ಯೆ 14 ಸಾವಿರದ ಆಸುಪಾಸು, ನಮ್ಮ ಹೊನ್ನಾವರಕ್ಕಿಂತ ಚಿಕ್ಕದು. ಹಿಂದ್ಗಡೆ 270 ಮೀಟರ್ ಎತ್ತರದ ಒಂದು ದೈತ್ಯ ಬಂಡೆ, ಮುಂದ್ಗಡೆ ಸಮುದ್ರ, ಇವೆರಡರ ಮಧ್ಯೆ ಸಿಕ್ಕ ಜಾಗದಲ್ಲಿ ಊರು. ಗ್ರೀಕರು ಈ ಬಂಡೆ ತಲೆ ಥರ ಕಾಣ್ತು ಅಂತ ಕೆಫಲೋಯ್ಡಿಯಾನ್ ಅಂದ್ರು, ಅವರ ಭಾಷೇಲಿ ಕೆಫಲೆ ಅಂದ್ರೆ ತಲೆ, ಅದೇ ಸವೆದು ಸವೆದು ಚೆಫಲೂ ಆಗಿದೆ.

ಹೆಜ್ಜೆ 1: ತಿಂಗಳು ಆರಿಸ್ಕೊಳ್ಳಿ

ಮೇ ಕೊನೆ, ಜೂನ್, ಸೆಪ್ಟೆಂಬರ್. ಇವಿಷ್ಟೇ ನನ್ನ ಪಟ್ಟಿ. ಜುಲೈ-ಆಗಸ್ಟಲ್ಲಿ ಇಡೀ ಇಟಲಿಗೇ ರಜ, ಬೀಚಲ್ಲಿ ಟವಲ್ ಹಾಸೋಕೆ ಜಾಗ ಇರಲ್ಲ, ರೂಮ್ ರೇಟ್ ಗಗನಕ್ಕೆ. ಸೆಪ್ಟೆಂಬರಲ್ಲಿ ಬೇಸಿಗೆ ಪೂರ್ತಿ ಬಿಸಿಲು ಕುಡಿದಿರೋ ನೀರು ಬೆಚ್ಚಗಿರತ್ತೆ, ಜನ ಕಮ್ಮಿ ಆಗಿರ್ತಾರೆ. ಮೇ ತಿಂಗಳ ನೀರು ನಮಗೆ ಚಳಿ, ಅಲ್ಲಿಯವ್ರಿಗೂ ಸ್ವಲ್ಪ ಚಳೀನೇ.

ಆಗಸ್ಟಲ್ಲೇ ಹೋಗೋಕೆ ಒಂದೇ ಒಂದು ಒಳ್ಳೆ ಕಾರಣ ಇದೆ. ಆಗಸ್ಟ್ 2ರಿಂದ 6ರವರೆಗೆ ಊರ ಹಬ್ಬ, ಸಾನ್ ಸಾಲ್ವತೋರೆ. ಕೊನೆ ದಿನ ಸಮುದ್ರದ ಮೇಲೆ ಅಡ್ಡಡ್ಡ ಒಂದು ಉದ್ದದ ಕಂಬ ಚಾಚಿ ಅದಕ್ಕೆ ಜಾರೋ ಹಾಗೆ ಸೋಪು-ಗೀಪು ಬಳಿದಿರ್ತಾರೆ, ಊರ ಹುಡುಗ್ರು ಒಬ್ಬೊಬ್ರಾಗಿ ಅದರ ಮೇಲೆ ಓಡಿ ತುದೀಲಿರೋ ಬಾವುಟ ಕಿತ್ಕೋಬೇಕು. ಮುಕ್ಕಾಲು ಜನ ದೊಪ್ಪಂತ ನೀರಿಗೆ. ಇದನ್ನ ಅಲ್ಲಿ 'ನ್ತಿನ್ನಾ ಆ ಮಾರಿ ಅಂತಾರೆ. ಅಷ್ಟಮಿ ಟೈಮಲ್ಲಿ ನಮ್ಮ ಕಡೆ ಜಾರುಕಂಬ ಹತ್ತಿಸ್ತಾರಲ್ಲ, ಅದನ್ನೇ ಮಲಗಿಸಿ ಕೆಳಗೆ ಸಮುದ್ರ ಇಟ್ಟ ಹಾಗೆ.

ಹೆಜ್ಜೆ 2: ವೀಸಾ ಕೆಲಸ

ಇಟಲಿ ಶೆಂಗೆನ್ ವಲಯದಲ್ಲಿದೆ, ಅಂದ್ರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪ್ ದೇಶಗಳ ಗುಂಪು, ಆದ್ರಿಂದ ಶೆಂಗೆನ್ ವೀಸಾ. ಫೀಸ್ ದೊಡ್ಡೋರಿಗೆ 90 ಯೂರೋ (2024ರ ಜೂನ್‌ನಿಂದ), ಮೇಲೆ ಅರ್ಜಿ ಕೇಂದ್ರದವ್ರ ಸರ್ವಿಸ್ ಚಾರ್ಜ್. ಹೊರಡೋಕೆ 6 ತಿಂಗಳು ಮುಂಚಿಂದ ಹಾಕ್ಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕ್ಲೇಬೇಕು, ಆದ್ರೆ ಬೇಸಿಗೇಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ ಇರೋದ್ರಿಂದ ಮೂರು ತಿಂಗಳು ಮುಂಚೆನೇ ಕೂತ್ಕೊಂಡು ಬುಕ್ ಮಾಡಿ. ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಎರಡ್ಮೂರು ದೇಶ ಸುತ್ತೋರಾದ್ರೆ ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರ್ತೀರೋ ಆ ದೇಶಕ್ಕೇ ಅರ್ಜಿ ಹಾಕ್ಬೇಕು, ಯಾರದ್ದು ಬೇಗ ಸಿಗತ್ತೆ ಅಂತಲ್ಲ. 2025ರ ಅಕ್ಟೋಬರ್‌ನಿಂದ ಗಡೀಲಿ ಬೆರಳಚ್ಚು, ಫೋಟೋ ತಗೊಳ್ಳೋ ಹೊಸ ವ್ಯವಸ್ಥೆ ಶುರುವಾಗಿದೆ, ಹಾಗಾಗಿ ರೋಮ್‌ನಲ್ಲೋ ಮಿಲಾನ್‌ನಲ್ಲೋ ಇಳಿದು ಮುಂದಿನ ವಿಮಾನ ಹಿಡಿಯೋರು ಮಧ್ಯೆ ಒಂದು ಗಂಟೆ ಗ್ಯಾಪ್ ಇಟ್ಟು ಟಿಕೆಟ್ ಮಾಡ್ಬೇಡಿ.

ಹೆಜ್ಜೆ 3: ಊರು ಮುಟ್ಟೋದು

ಎರಡು ದಾರಿ. ಒಂದು ಸುಲಭದ್ದು, ಒಂದು ಚಂದದ್ದು.

ಸುಲಭದ್ದು: ಪಲೆರ್ಮೋ ಏರ್‌ಪೋರ್ಟ್ ಪಲೆರ್ಮೋ ಊರಿಂದ ಪಶ್ಚಿಮಕ್ಕೆ ಸುಮಾರು 35 ಕಿ.ಮೀ. ಇದೆ, ಚೆಫಲೂ ಪೂರ್ವಕ್ಕೆ, ಅಂದ್ರೆ ಇಡೀ ಪಟ್ಟಣ ದಾಟಿ ಹೋಗ್ಬೇಕು. ಏರ್‌ಪೋರ್ಟ್‌ನಿಂದ ಪಲೆರ್ಮೋ ಚೆಂತ್ರಾಲೆ ಸ್ಟೇಷನ್‌ಗೆ ಟ್ರೈನೂ ಇದೆ, ಬಸ್ಸೂ ಇದೆ, ಎರಡೂ ಹೆಚ್ಚುಕಮ್ಮಿ ಒಂದು ಗಂಟೆ. ಅಲ್ಲಿಂದ ದ್ವೀಪದ ಪೂರ್ವ ತುದೀಲಿರೋ ಮೆಸ್ಸಿನಾ ಕಡೆ ಹೋಗೋ ಲೋಕಲ್ ಟ್ರೈನ್ ಹತ್ತಿದ್ರೆ ಮುಕ್ಕಾಲರಿಂದ ಒಂದು ಗಂಟೇಲಿ ಚೆಫಲೂ, ಟಿಕೆಟ್ ಆರೇಳು ಯೂರೋ. ಎಡಗಡೆ ಕಿಟಕಿ ಹಿಡೀರಿ, ಸಮುದ್ರ ಆ ಕಡೆ.

ಪೇಪರ್ ಟಿಕೆಟ್ ತಗೊಂಡ್ರೆ ಹತ್ತೋಕೆ ಮುಂಚೆ ಪ್ಲಾಟ್‌ಫಾರಂ ಹತ್ರ ಇರೋ ಪುಟ್ಟ ಮಷೀನಿಗೆ ತೂರಿಸಿ ಮುದ್ರೆ ಹಾಕಿಸ್ಲೇಬೇಕು. ಟಿಕೆಟ್ ಇದ್ದೂ ಮುದ್ರೆ ಇಲ್ಲ ಅಂದ್ರೆ ದಂಡ. ನಂಗೆ ಮೊದಲ ಸಲ ಇದು ಗೊತ್ತಿರ್ಲಿಲ್ಲ, ಟಿಟಿ ಬಂದು ಟಿಕೆಟ್ ತಿರುಗಿಸಿ ಮುರುಗಿಸಿ ನೋಡಿ ನನ್ನ ಮುಖ ನೋಡಿ ಪೆನ್ನಲ್ಲಿ ಏನೋ ಗೀಚಿ ಬಿಟ್ಬಿಟ್ಟ, ನನ್ನ ಅದೃಷ್ಟ. ಎಲ್ಲರಿಗೂ ಅಂಥ ಟಿಟಿ ಸಿಗಲ್ಲ.

ಚಂದದ್ದು: ರೋಮ್‌ನಿಂದ ಪಲೆರ್ಮೋಗೆ ಹೋಗೋ ರಾತ್ರಿ ಟ್ರೈನು, ಇಂಟರ್‌ಸಿಟಿ ನೊತ್ತೆ. ಇದು ಚೆಫಲೂದಲ್ಲಿ ನಿಲ್ಲತ್ತೆ. ಸಿಸಿಲಿ ದ್ವೀಪ ಅಲ್ವಾ, ಸೇತುವೆ ಇಲ್ಲ, ಹಾಗಾದ್ರೆ ಟ್ರೈನ್ ಹೆಂಗೆ ದಾಟತ್ತೆ? ಹಡಗಲ್ಲಿ. ವಿಲ್ಲಾ ಸಾನ್ ಜೊವಾನ್ನಿ ಅನ್ನೋ ಊರಲ್ಲಿ ಬೆಳಗಿನ ಜಾವ ಟ್ರೈನನ್ನ ತುಂಡು ತುಂಡು ಮಾಡಿ ಬೋಗಿಗಳನ್ನ ಹಡಗಿನ ಹೊಟ್ಟೆಯೊಳಗೆ ಹಾಕಿರೋ ಹಳಿ ಮೇಲೆ ಸಾಲಾಗಿ ತಳ್ತಾರೆ, ಮಲಗಿರೋರಿಗೆ ಸುಮ್ನೆ ಒಂದು ಧಡ್ ಅನ್ನೋ ಸದ್ದು, ಆಮೇಲೆ ಚಕ್ರದ ಸದ್ದು ನಿಂತು ಇಡೀ ಬೋಗಿ ಸಣ್ಣಗೆ ತೂಗೋಕೆ ಶುರು. ಮಲಗ್ಬೇಡಿ. ಚಪ್ಪಲಿ ಮೆಟ್ಕೊಂಡು ಇಳಿದು ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಡೆಕ್‌ಗೆ ಹೋಗಿ, ನಿಮ್ಮ ಬೋಗಿ ನಂಬರ್ ಮಾತ್ರ ನೆನಪಿಟ್ಕೊಳ್ಳಿ, ಕೆಳಗೆ ಎಲ್ಲಾ ಒಂದೇ ಥರ ಕಾಣತ್ತೆ. ಜಲಸಂಧಿ ದಾಟೋದು ಅರ್ಧ ಗಂಟೆ ಒಳಗೇ, ಬಿಚ್ಚೋದು ಜೋಡಿಸೋದು ಸೇರಿದ್ರೆ ಒಂದೂವರೆ ಎರಡು ಗಂಟೆ. ಮೆಸ್ಸಿನಾ ಆದ್ಮೇಲೆ ಬೆಳಕು ಹರಿಯತ್ತೆ, ಹೋಗೋ ದಿಕ್ಕಿಗೆ ಬಲಗಡೆ ಸಮುದ್ರ.

ಕಾರ್ ಬಾಡಿಗೆ ತಗೊಳ್ಳೋ ಯೋಚನೆ ಇದ್ರೆ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇಲ್ಲಿಂದಲೇ ಮಾಡಿಸ್ಕೊಂಡು ಹೋಗಿ, ಆದ್ರೆ ಚೆಫಲೂಗಂತೂ ಕಾರ್ ಬೇಡ. ಹಳೇ ಊರಿನ ಒಳಗೆ ಝಡ್‌ಟಿಎಲ್ ಅಂತ ಹೊರಗಿನ ಗಾಡಿಗೆ ಪ್ರವೇಶ ಇಲ್ಲದ ವಲಯ ಇದೆ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯತ್ತೆ, ದಂಡದ ಚೀಟಿ ನೀವು ಬೆಂಗಳೂರಿಗೆ ಬಂದು ಟ್ರಿಪ್ ಮರೆತ ಮೇಲೆ ಬರತ್ತೆ.

ಹೆಜ್ಜೆ 4: ರೂಮ್

ಸ್ಟೇಷನ್‌ನಿಂದ ಹಳೇ ಊರಿಗೆ ಹತ್ತು ನಿಮಿಷ ನಡಿಗೆ. ರೂಮನ್ನ ಹಳೇ ಊರೊಳಗೇ ಮಾಡಿ, ಕೊರ್ಸೋ ರುಜ್ಜೆರೋ ಅನ್ನೋ ಮುಖ್ಯ ಬೀದಿಗೂ ಸಮುದ್ರಕ್ಕೂ ಮಧ್ಯೆ. ಲಿಫ್ಟ್ ಇದೆಯಾ ಅಂತ ಕೇಳಿ, ಬಹುತೇಕ ಇರಲ್ಲ, ಮೂರನೇ ಮಹಡಿಗೆ ಕಡಿದಾದ ಮೆಟ್ಟಿಲಲ್ಲಿ 23 ಕೆಜಿ ಸೂಟ್‌ಕೇಸ್ ಹೊರೋದು ಅಪ್ಪ-ಅಮ್ಮನ್ನ ಕರ್ಕೊಂಡು ಹೋಗೋರಿಗೆ ಆಗದ ಕೆಲಸ. ಗಲ್ಲಿಗಳಿಗೆ ಕಲ್ಲು ಹಾಸಿದೆ, ಸೂಟ್‌ಕೇಸ್ ಚಕ್ರ ಅಲ್ಲೇ ಪ್ರಾಣ ಬಿಡತ್ತೆ. ನಮ್ಮ ದಪ್ಪ ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್‌ಗೆ ಹೋಗಲ್ಲ, ಅಡಾಪ್ಟರ್ ಮನೆಯಿಂದಲೇ ತಗೊಂಡು ಹೋಗಿ. ರೂಮ್ ಬಾಡಿಗೆ ಜೊತೆ ತಲೆಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಕೇಳ್ತಾರೆ, ಮೋಸ ಅಲ್ಲ, ಎಲ್ಲಾ ಕಡೆ ಇರೋದೇ.

ಹೆಜ್ಜೆ 5: ಮೊದಲ ಸಂಜೆ ಏನೂ ನೋಡ್ಬೇಡಿ

ಬ್ಯಾಗ್ ಇಟ್ಟು ಸೀದಾ ಪೊರ್ತಾ ಪೆಸ್ಕಾರಾಗೆ ಹೋಗಿ. ಹಳೇ ಕೋಟೆ ಗೋಡೇಲಿ ಉಳ್ಕೊಂಡಿರೋ ಒಂದು ಕಮಾನು ಬಾಗಿಲು, ಅದರೊಳಗಿಂದ ದಾಟಿದ್ರೆ ಕೆಳಗೆ ಮರಳು, ಹಳೇ ಬಂದರು, ಮೀನು ದೋಣಿ. ಅಲ್ಲಿಂದ ಕಟ್ಟೆ ಮೇಲೆ ನಡೆದು ಹೋಗಿ ತಿರುಗಿ ಊರ ಕಡೆ ನೋಡಿ.

ನೋಡಿದ ತಕ್ಷಣ ನಂಗೆ ಗಾಬರಿ ಆಗಿದ್ದು ಒಂದೇ ವಿಷ್ಯಕ್ಕೆ: ಮನೆಗಳು ನೀರೊಳಗೇ ನಿಂತಿವೆ. ಗೋಡೆ ಬುಡಕ್ಕೇ ಅಲೆ. ಕುಮಟಾ ಕಡೆಯವನಿಗೆ ಇದು ಹುಚ್ಚುತನ ಅನ್ಸತ್ತೆ, ನಮ್ಮಲ್ಲಿ ಭರತ ಇಳಿತ ಅಂದ್ರೆ ನೀರು ಒಂದೂವರೆ ಎರಡು ಮೀಟರ್ ಏರಿ ಇಳಿಯತ್ತೆ, ಮೇಲೆ ಮಳೆಗಾಲದ ಸಮುದ್ರ ತೆಂಗಿನ ಮರಾನೇ ನುಂಗತ್ತೆ, ಅದಕ್ಕೇ ಮನೆ ದೂರ ಕಟ್ತೀವಿ. ಮೆಡಿಟರೇನಿಯನ್ ಹೆಚ್ಚುಕಮ್ಮಿ ಮುಚ್ಚಿದ ಸಮುದ್ರ, ಜಿಬ್ರಾಲ್ಟರ್‌ನ ಸಣ್ಣ ಬಾಯಿ ಒಂದೇ ಹೊರಗಿನ ಸಾಗರಕ್ಕೆ ಸಹಜವಾದ ದಾರಿ, ಆದ್ರಿಂದ ಬಹುಪಾಲು ಕಡೆ ಏರಿಳಿತ ಒಂದಡಿ ಆಸುಪಾಸು ಅಷ್ಟೇ. ಬೆಳಿಗ್ಗೆ ಎಲ್ಲಿತ್ತೋ ಸಂಜೆನೂ ಅಲ್ಲೇ. ಚಳಿಗಾಲದಲ್ಲಿ ಬಿರುಗಾಳಿ ಬರಲ್ಲ ಅಂತಲ್ಲ, ಬರತ್ತೆ, ಆದ್ರೂ ಆ ಧೈರ್ಯಕ್ಕೆ ಮೂಲ ಇದು.

ಐದೂವರೆ ಆರರ ಮೇಲೆ ಹಗಲು ಟ್ರಿಪ್ಪಿನವ್ರು ಟ್ರೈನಿಗೆ ಹೋಗ್ತಾರೆ. ಆಗ ಊರೋರು ಹೊರಗೆ ಬರ್ತಾರೆ, ಅಜ್ಜಂದಿರು ಬೆಂಚು ಹಿಡೀತಾರೆ, ಮಕ್ಕಳು ಚರ್ಚ್ ಮುಂದಿನ ಮೈದಾನದಲ್ಲಿ ಬಾಲ್ ಒದೀತಾರೆ. ಇದಕ್ಕೇ ನಾನು ಮೂರು ರಾತ್ರಿ ಅಂದಿದ್ದು.

ಹೆಜ್ಜೆ 6: ಎರಡನೇ ದಿನ ಬೆಳಿಗ್ಗೆ, ಮೊದಲು ಬಂಡೆ

ಬಂಡೆ ಹತ್ತೋದಿದ್ರೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ನಾನು ಹನ್ನೊಂದೂವರೆಗೆ, ಹವಾಯಿ ಚಪ್ಪಲೀಲಿ, ಅರ್ಧ ಲೀಟರ್ ನೀರಿಟ್ಕೊಂಡು ಹೋದೆ. ನೆರಳು ಇಲ್ಲ. ಕಲ್ಲು ಸವೆದು ಸವೆದು ಗಾಜಿನ ಹಾಗೆ ನುಣ್ಣಗಾಗಿದೆ. ಇಳಿಯುವಾಗ ಕೂತ್ಕೊಂಡೇ ಇಳಿದಿದ್ದು ಜಾಸ್ತಿ. ಶೂ ಹಾಕ್ಕೊಳ್ಳಿ, ಒಬ್ಬರಿಗೆ ಒಂದೂವರೆ ಲೀಟರ್ ನೀರು ಇರಲಿ.

ಕೊರ್ಸೋ ರುಜ್ಜೆರೋದಿಂದ ಪಕ್ಕಕ್ಕೆ ಮೆಟ್ಟಿಲು ಹತ್ತಿ ಹೋದ್ರೆ ಟಿಕೆಟ್ ಕೌಂಟರ್ ಸಿಗತ್ತೆ, ಐದು ಯೂರೋ ಆಸುಪಾಸು. ಅರ್ಧ ದಾರೀಲಿ ಡಯಾನಾ ದೇವಾಲಯ ಅಂತ ಕರೆಯೋ ಕಟ್ಟಡ, ದೊಡ್ಡ ದೊಡ್ಡ ಬಂಡೆ ಜೋಡಿಸಿ ಕಟ್ಟಿದ್ದು, ಒಳಗೆ ನೀರಿನ ತೊಟ್ಟಿ, ರೋಮನ್ನರಿಗಿಂತ ಹಳೇದು. ಮಂಡಿ ನೋವಿದ್ರೆ ಇಲ್ಲಿಗೇ ನಿಲ್ಲಿಸಿ, ಇಲ್ಲಿಂದಲೇ ನೋಟ ಸಾಕಷ್ಟು ಚೆನ್ನಾಗಿದೆ, ಕೆಂಪು ಹೆಂಚಿನ ಸೂರು, ಅದರ ಮಧ್ಯೆ ಚರ್ಚಿನ ಜೋಡಿ ಗೋಪುರ. ತುದಿಗೆ ಇನ್ನರ್ಧ ಗಂಟೆ, ಅಲ್ಲಿ ಕೋಟೆ ಅವಶೇಷ, ಶುಭ್ರ ದಿನ ಆದ್ರೆ ಏಯೋಲಿಯನ್ ದ್ವೀಪಗಳು ಕಾಣತ್ತೆ. ಮಳೆ ಬಂದಿದ್ರೆ ಹತ್ತಲೇಬೇಡಿ.

ಹೆಜ್ಜೆ 7: ಚರ್ಚು, ನಿಧಾನಕ್ಕೆ

ಇದನ್ನ 1131ರಲ್ಲಿ ಶುರು ಮಾಡಿಸಿದ್ದು ನಾರ್ಮನ್ (ಫ್ರಾನ್ಸ್ ಕಡೆಯ ಮೂಲದ) ರಾಜ ಎರಡನೇ ರಾಜರ್, ಅಲ್ಲಿಯವ್ರ ಬಾಯಲ್ಲಿ ರುಜ್ಜೆರೋ. ಬಿರುಗಾಳೀಲಿ ಸಿಕ್ಕಿ ಬದುಕಿ ಈ ದಡ ಮುಟ್ಟಿದ್ದಕ್ಕೆ ಹರಕೆ ಅಂತ ಊರಿನ ಕಥೆ. ತನ್ನ ಸಮಾಧಿಗೂ ಇದೇ ಜಾಗ ಅಂತ ಗೊತ್ತು ಮಾಡಿ, ಪಾರ್ಫಿರಿ ಅನ್ನೋ ಕೆಂಪು-ನೇರಳೆ ಕಲ್ಲಿನ ಎರಡು ಶವಪೆಟ್ಟಿಗೆ ಇಲ್ಲಿ ಇಡಿಸಿದ್ದ. ಆದ್ರೆ ಅವನನ್ನ ಹೂತಿದ್ದು ಪಲೆರ್ಮೋದಲ್ಲಿ. ಆಮೇಲೆ ಮೊಮ್ಮಗ ಎರಡನೇ ಫ್ರೆಡ್ರಿಕ್ 1215ರಲ್ಲಿ ಆ ಪೆಟ್ಟಿಗೆಗಳನ್ನೂ ಪಲೆರ್ಮೋಗೇ ಸಾಗಿಸಿಬಿಟ್ಟ. ಊರಿಗೆ ಉಳಿದಿದ್ದು ಚರ್ಚು.

ಭುಜ, ಮಂಡಿ ಮುಚ್ಚಿರೋ ಬಟ್ಟೆ ಹಾಕ್ಕೊಂಡು ಹೋಗಿ, ಬೀಚಿಂದ ಹಾಗೇ ಹೋದ್ರೆ ಬಾಗಿಲಲ್ಲೇ ತಡೀತಾರೆ. ಮಧ್ಯಾಹ್ನ ಮುಚ್ಚಿರೋ ಸಾಧ್ಯತೆ ಇರೋದ್ರಿಂದ ಬೆಳಿಗ್ಗೆ ಇಲ್ಲ ನಾಲ್ಕರ ಮೇಲೆ ಹೋಗಿ. ಒಳಗೆ ಹೋದ ತಕ್ಷಣ ಕಂಬಗಳ ಸಾಲು, ಗೋಡೆ ಬರೀ ಬೋಳು, ಇಷ್ಟೇನಾ ಅನ್ಸತ್ತೆ. ನಡೆದು ಮುಂದೆ ಹೋಗಿ. ಕೊನೇಲಿ ಅರ್ಧಗೋಳದ ಮಾಡಿನ ತುಂಬಾ ಬಂಗಾರದ ಹರಳು, ಅದರಲ್ಲಿ ಕ್ರಿಸ್ತ, ಸೊಂಟದಿಂದ ಮೇಲೆ, ಎರಡೂ ಕೈ ಚಾಚಿದ್ರೆ ಇಡೀ ಚರ್ಚ್ ಅಪ್ಪಿಕೊಳ್ಳೋ ಅಳತೆ. ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕುಶಲಕರ್ಮಿಗಳ ಕೆಲಸ, 1148 ಅಂತ ಅಲ್ಲೇ ಬರೆದಿದೆ. ಕೈಯಲ್ಲಿ ತೆರೆದ ಪುಸ್ತಕ, ಒಂದು ಪುಟ ಗ್ರೀಕ್, ಒಂದು ಪುಟ ಲ್ಯಾಟಿನ್, "ನಾನೇ ಲೋಕಕ್ಕೆ ಬೆಳಕು" ಅನ್ನೋ ಯೋಹಾನನ ಸುವಾರ್ತೆಯ ಮಾತು. ಫೋನ್ ಕ್ಯಾಮೆರಾ ಝೂಮ್ ಮಾಡಿ ಹಣೆ ನೋಡಿ: ಬಾಚಿದ ತಲೆಗೂದಲಿಂದ ಎರಡು ಎಳೆ ತಪ್ಪಿಸ್ಕೊಂಡು ಹಣೆ ಮೇಲೆ ಬಿದ್ದಿವೆ. ಅಷ್ಟು ದೊಡ್ಡ ದೇವರ ಮುಖಕ್ಕೆ ಆ ಎರಡು ಎಳೆ ಇಟ್ಟವನ ಧೈರ್ಯ ನೋಡಿ. ಕೆಳಗೆ ಮೇರಿ, ನಾಲ್ಕು ದೇವದೂತರು, ಅದರ ಕೆಳಗೆ ಶಿಷ್ಯರು.

2015ರಲ್ಲಿ ಯುನೆಸ್ಕೋ ಪಲೆರ್ಮೋದ ಅರಬ್-ನಾರ್ಮನ್ ಕಟ್ಟಡಗಳ ಜೊತೆ ಇದನ್ನೂ ಮೊನ್‌ರೆಯಾಲೆ ಚರ್ಚನ್ನೂ ಪಟ್ಟಿಗೆ ಸೇರಿಸ್ತು. ಗೋಪುರಕ್ಕೆ, ಕ್ಲಾಯ್‌ಸ್ಟರ್‌ಗೆ (ಸುತ್ತ ಕಂಬದ ಸಾಲಿರೋ ಅಂಗಳ) ಬೇರೆ ಟಿಕೆಟ್. ಬಂಡೆ ಹತ್ತಿದೋರಿಗೆ ಗೋಪುರ ಬೇಡ.

ಹೆಜ್ಜೆ 8: ಒಗೆಯೋ ಕಲ್ಲು, ಮೀನಂಗಡಿ, ನಗು

ವಿಯಾ ವಿತ್ತೋರಿಯೋ ಎಮಾನ್ಯುವೆಲೆ ಬೀದೀಲಿ ನಡೀತಾ ಇದ್ರೆ ಪಕ್ಕದಲ್ಲಿ ಲಾವಾ ಕಲ್ಲಿನ ಮೆಟ್ಟಿಲು ಬಳುಕಿ ಕೆಳಗಿಳಿಯತ್ತೆ. ಕೆಳಗೆ ಮಧ್ಯಯುಗದ ಬಟ್ಟೆ ಒಗೆಯೋ ಕಟ್ಟೆ, ಲವಾತೋಯೋ. ಚೆಫಲೀನೋ ಅನ್ನೋ ಹೊಳೆ ನೀರು 22 ಕಬ್ಬಿಣದ ಬಾಯಿಂದ ಸುರಿಯತ್ತೆ, ಹೆಚ್ಚಿನವು ಸಿಂಹದ ಮುಖ. ಒಂದೊಂದು ತೊಟ್ಟಿಗೂ ಓರೆಯಾಗಿ ಇಟ್ಟಿರೋ ಕಲ್ಲು, ನಮ್ಮ ಬಾವಿಕಟ್ಟೆ ಹತ್ರ ಇರೋದೇ ಥರ, ಉಜ್ಜಿ ಉಜ್ಜಿ ಮಧ್ಯೆ ತಗ್ಗಾಗಿದೆ. ಗೋಡೇಲಿ ಒಂದು ಬರಹ: ಇಲ್ಲಿ ಹರಿಯೋ ಚೆಫಲೀನೋ ಬೆಳ್ಳಿಗಿಂತ ಶುದ್ಧ, ಹಿಮಕ್ಕಿಂತ ತಣ್ಣಗೆ. ಕೈ ಇಟ್ಟು ನೋಡಿ, ಎರಡನೇದಂತೂ ಸುಳ್ಳಲ್ಲ ಅನ್ನಿಸತ್ತೆ. ಫ್ರೀ.

ಮಂಡ್ರಲಿಸ್ಕಾ ಮ್ಯೂಸಿಯಂ ಚಿಕ್ಕದು, ಮುಕ್ಕಾಲು ಗಂಟೆ ಸಾಕು. ಅಲ್ಲಿ ಎರಡೇ ವಸ್ತು ನೋಡಿ ಬಂದ್ರೂ ದುಡ್ಡು ವಸೂಲಿ. ಒಂದು, ಅಂತೊನೆಲ್ಲೋ ದಾ ಮೆಸ್ಸಿನಾ 15ನೇ ಶತಮಾನದಲ್ಲಿ ಬರೆದ ಅಪರಿಚಿತನ ಚಿತ್ರ, ಒಂದಡಿ ಹಲಗೆ ಅಷ್ಟೇ, ಅದರಲ್ಲೊಬ್ಬ ನಿಮ್ಮ ಗುಟ್ಟು ನಂಗೆ ಗೊತ್ತು ಅನ್ನೋ ಥರ ನಗ್ತಾನೆ. ಲಿಪಾರಿ ದ್ವೀಪದ ಔಷಧಿ ಅಂಗಡಿಯವನ ಮಗಳು ಆ ನಗು ತಡೀಲಾರದೆ ಮುಖಕ್ಕೆ ಗೀರಿದ್ಲು ಅಂತ ಕಥೆ. ಇನ್ನೊಂದು, ಕ್ರಿ.ಪೂ. 4ನೇ ಶತಮಾನದ ಮಣ್ಣಿನ ಪಾತ್ರೆ, ಅದರ ಮೇಲೆ ಟ್ಯೂನಾ ಮೀನು ಕತ್ತರಿಸ್ತಿರೋ ವ್ಯಾಪಾರಿ, ಎದುರಿಗೆ ಕಾಸು ಹಿಡಿದು ನಿಂತ ಗಿರಾಕಿ. ಇಬ್ಬರ ಮುಖ ನೋಡಿದ್ರೆ ಕುಮಟಾ ಮೀನು ಮಾರ್ಕೆಟ್ಟಿನ ಬೆಳಿಗ್ಗೆ ಎಂಟು ಗಂಟೆ, ಅಷ್ಟೇ.

ಹೆಜ್ಜೆ 9: ಊಟ, ಅದ್ರಲ್ಲೂ ಸಸ್ಯಾಹಾರಿಗಳಿಗೆ

ಮೊದಲು ಟೈಮು. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿ ಮಲಗ್ತಾರೆ, ರಾತ್ರಿ ಅಡುಗೆಮನೆ ಏಳೂವರೆಗೆ ಮುಂಚೆ ತೆಗೆಯಲ್ಲ. ಮಕ್ಕಳಿದ್ರೆ ಮಧ್ಯೆ ಬಿಸ್ಕೆಟ್ ಚಕ್ಕುಲಿ ಕೈಯಲ್ಲಿರಲಿ. ಬಿಲ್ಲಲ್ಲಿ ಕೊಪೆರ್ತೋ ಅಂತ ತಲೆಗೆ ಎರಡು ಮೂರು ಯೂರೋ ಇರತ್ತೆ, ಕೂತಿದ್ದಕ್ಕೆ ಮತ್ತೆ ಬ್ರೆಡ್‌ಗೆ. ಕಾಫಿ ನಿಂತ್ಕೊಂಡು ಕುಡಿದ್ರೆ ಅಗ್ಗ, ಚರ್ಚ್ ಎದುರಿನ ಮೇಜಲ್ಲಿ ಕೂತ್ರೆ ಆ ನೋಟಕ್ಕೂ ಕಾಸು.

ಸಿಸಿಲಿ ಸಸ್ಯಾಹಾರಿಗಳಿಗೆ ನಿಜಕ್ಕೂ ಒಳ್ಳೆ ಜಾಗ, ಯಾಕಂದ್ರೆ ಬದನೆಕಾಯಿ ಅವರ ಪ್ರಾಣ, ಅರಬರು ತಂದುಕೊಟ್ಟಿದ್ದು, ಅರಬರಿಗಿಂತ ಮುಂಚೆ ಅದು ನಮ್ಮ ಕಡೆದೇ. ಪಾಸ್ತಾ ಆಲ್ಲಾ ನೊರ್ಮಾ ಅಂದ್ರೆ ಬದನೆ, ಟೊಮೇಟೊ, ಉಪ್ಪು ಹಾಕಿದ ರಿಕೊತ್ತಾ ಚೀಸು. ಕಪೊನಾತಾ ಅಂದ್ರೆ ಹುರಿದ ಬದನೆಗೆ ಆಲಿವ್, ಸೆಲರಿ, ವಿನೆಗರ್, ಸಕ್ಕರೆ, ಹುಳಿಸಿಹಿ, ಗೊಜ್ಜಿನ ದೂರದ ನೆಂಟ. ಪನೆಲ್ಲೆ ಅಂತೂ ತಿನ್ಲೇಬೇಕು: ಕಡ್ಲೆಹಿಟ್ಟನ್ನ ನೀರಲ್ಲಿ ಬೇಯಿಸಿ ಗಟ್ಟಿ ಮಾಡಿ, ತೆಳ್ಳಗೆ ಹಚ್ಚಿ, ಎಣ್ಣೇಲಿ ಕರಿದು, ಬನ್ನೊಳಗೆ ಇಟ್ಟು ನಿಂಬೆ ಹಿಂಡಿ ಕೊಡ್ತಾರೆ. ಒಂದು ಹಸಿಮೆಣಸು ಇದ್ದಿದ್ರೆ ಅಂತ ಅನ್ಸತ್ತೆ, ಇರಲ್ಲ.

ಈಗ ಮೋಸ ಹೋಗೋ ಜಾಗ. ಸ್ಫಿಂಚೋನೆ ನೋಡೋಕೆ ದಪ್ಪ ಪಿಜ್ಜಾ ಥರ, ಮೇಲೆ ಈರುಳ್ಳಿ ಟೊಮೇಟೊ, ಆದ್ರೆ ಅದರಲ್ಲಿ ಅಂಚೋವಿ ಮೀನು ಕರಗಿರತ್ತೆ, ಕಣ್ಣಿಗೆ ಕಾಣಲ್ಲ. ಅರಂಚೀನಾ ಅನ್ನೋ ಅನ್ನದ ಉಂಡೇಲಿ "ಅಲ್ ಬುರ್ರೋ" ಅಂದ್ರೆ ಬೆಣ್ಣೆದು ಅಂತ ಅರ್ಥ, ಬೆಣ್ಣೆ ಅಂತ ತಗೊಂಡ್ರೆ ಒಳಗೆ ಸಾಮಾನ್ಯವಾಗಿ ಹ್ಯಾಮ್ ಚೂರು. ಪಾಲಕ್‌ದು ಕೇಳಿ, ಸ್ಪಿನಾಚಿ. ಕನ್ನೋಲಿ ಸಿಹಿಯ ಗರಿಗರಿ ಕೊಳವೆಗೆ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು, ಸ್ತ್ರುತ್ತೋ, ಹಾಕ್ತಾರೆ. ಪಾರ್ಮಿಜಾನೋ ಚೀಸಲ್ಲಿ ಹಾಲು ಗಟ್ಟಿ ಮಾಡೋಕೆ ಹಾಕೋ ಕರುವಿನ ಹೊಟ್ಟೆಯ ರೆನ್ನೆಟ್ ಇರತ್ತೆ, ಕಟ್ಟುನಿಟ್ಟಿನವ್ರು ಅದನ್ನೂ ಬಿಡ್ಬೇಕು. ಬರೀ "ವೆಜಿಟೇರಿಯನ್" ಅಂದ್ರೆ ಮೀನು ಓಕೆ ಅಂದ್ಕೊಳ್ಳೋರಿದ್ದಾರೆ. ಹಾಗಾಗಿ ಈ ಸಾಲು ಬಾಯಿಪಾಠ ಮಾಡಿ: "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಅಚ್ಚೂಗೆ." ಮಾಂಸ ಬೇಡ, ಮೀನು ಬೇಡ, ಅಂಚೋವಿ ಬೇಡ. ಮೂರನೇದನ್ನ ಹೇಳಿದಾಗ ಒಬ್ಬ ವೇಟರ್ ನನ್ನ ಕಡೆ ಮರುಕದಿಂದ ನೋಡಿದ.

ಬೆಳಿಗ್ಗೆ ತಿಂಡಿಗೆ ನಿಂಬೆ ಅಥವಾ ಬಾದಾಮಿ ಗ್ರನೀತಾ, ಅಂದ್ರೆ ಪುಡಿ ಐಸಿನ ಸಿಹಿ, ಜೊತೆಗೆ ಬ್ರಿಯೋಶ್ ಅನ್ನೋ ಮೆತ್ತನೆ ಬನ್ (ಅದರಲ್ಲಿ ಮೊಟ್ಟೆ ಇರತ್ತೆ).

ಹೆಜ್ಜೆ 10: ನೀರಿಗಿಳಿಯೋದು

ಊರ ಪಕ್ಕಕ್ಕೇ ಉದ್ದದ ಮರಳು ಬೀಚ್, ಇಳಿಜಾರು ನಿಧಾನಕ್ಕಿದೆ, ಮಕ್ಕಳಿಗೆ ಒಳ್ಳೇದು. ಲೀದೋ ಅಂತ ಬೋರ್ಡ್ ಇರೋ ಕಡೆ ಛತ್ರಿ, ಕುರ್ಚಿಗೆ ಬಾಡಿಗೆ, ಸ್ಪಿಯಾಜ್ಜಾ ಲೀಬೆರಾ ಅನ್ನೋ ಕಡೆ ಫ್ರೀ. ಜೀನ್ಸು ಸೀರೇಲಿ ನೀರಿಗಿಳಿಯೋ ನಮ್ಮ ಪದ್ಧತಿ ಅಲ್ಲಿಲ್ಲ, ಯಾರೂ ತಡೆಯಲ್ಲ, ಆದ್ರೆ ಒದ್ದೆ ಜೀನ್ಸ್ ಒಣಗಿಸೋಕೆ ಬಾಲ್ಕನಿ ಬೇಕು. ಈಜುಡುಗೆಯಲ್ಲೇ ಊರೊಳಗೆ ಓಡಾಡೋದು ಮಾತ್ರ ಮರ್ಯಾದೆ ಅಲ್ಲ. ಜೆಲ್ಲಿ ಮೀನು ಕೆಲವು ದಿನ ಇರತ್ತೆ, ಊರ ಮಕ್ಕಳು ಇಳಿದಿಲ್ಲ ಅಂದ್ರೆ ನೀವೂ ಇಳೀಬೇಡಿ.

ಹೆಜ್ಜೆ 11: ಮೂರನೇ ದಿನ, ಬೇಕಿದ್ರೆ ಬೆಟ್ಟಕ್ಕೆ

ಬಸ್ಸಲ್ಲಿ ಕಸ್ತೆಲ್‌ಬ್ವೋನೋಗೆ ಹೋಗ್ಬಹುದು, ಮದೊನಿಯೆ ಬೆಟ್ಟದ ಊರು, ವೆಂತಿಮಿಲ್ಯಾ ಮನೆತನದ ಕೋಟೆ ಇದೆ. ಅಲ್ಲಿ ಬೇಸಿಗೇಲಿ ಆ್ಯಶ್ ಮರದ ತೊಗಟೆಗೆ ಗೀರಿ ಸೋರೋ ರಸ ಒಣಗಿಸಿ ಮನ್ನಾ ಅಂತ ಬಿಳಿ ಸಿಹಿ ಕಡ್ಡಿ ತೆಗೀತಾರೆ, ಒಂದು ಚೂರು ಬಾಯಿಗೆ ಹಾಕ್ಕೊಂಡು ನೋಡಿ. ಭಾನುವಾರ ಹೋಗ್ಬೇಡಿ, ಬಸ್ ತೀರಾ ಕಮ್ಮಿ. ವಾಪಸ್ ಬರೋ ಬಸ್ಸಿನ ಟೈಮ್ ಇಳಿದ ತಕ್ಷಣ ಡ್ರೈವರ್‌ನೇ ಕೇಳಿ ಬರ್ಕೊಳ್ಳಿ.

ಹೊರಡೋ ದಿನ ಚೆಕ್-ಔಟ್ ಆದ್ಮೇಲೂ ಬ್ಯಾಗ್ ಅಲ್ಲೇ ಇಟ್ಕೊಳ್ತೀರಾ ಅಂತ ಮನೆಯವ್ರನ್ನ ಕೇಳಿ, ಸಾಮಾನ್ಯವಾಗಿ ಹೂಂ ಅಂತಾರೆ. ವಿಮಾನ ಇರೋರು ಪಲೆರ್ಮೋದಲ್ಲಿ ಟ್ರೈನ್ ಬದಲಿಸೋ ಹೊತ್ತು ಸೇರಿಸಿ ಮೂರೂವರೆ ಗಂಟೆ ಏರ್‌ಪೋರ್ಟ್ ತನಕ ಅಂತ ಲೆಕ್ಕ ಹಾಕಿ, ಅದರ ಮೇಲೆ ಚೆಕ್-ಇನ್ ಟೈಮ್. ಟಿಕೆಟ್‌ಗೆ ಮುದ್ರೆ ಹಾಕಿಸಿ. ಈ ಸಲ ಕಿಟಕಿ ಬಲಗಡೆದು.